‘ಪೊಲೀಸರಿಗೆ ಹಿಡದು ಕೊಡ್ತೀನಿ’ ಅನ್ನೋದು ಇನ್ನ ಸಾಕು

ಹೋದ ಶುಕ್ರವಾರ ನಮ್ಮ ಓಣಿಯೊಳಗ ಅರಿಷಿಣ-ಕುಂಕುಮಕ್ಕ ಹೋಗಿದ್ದೆ. ಅಲ್ಲೆ ಒಬ್ಬರು ವೈನಿಯ ಮೊಮ್ಮಗಳು ಏನೋ ಹಟಾ ಮಾಡ್ಲಿಕ್ಕತ್ತಿದ್ಲು. “ಮುಂದಿನ ವಾರ ವಿಮಾನದಾಗ ಹೋಗೋದದ ಇಲ್ಲೋ? ಅಲ್ಲೆ ಹಿಂಗ ಮಾಡಿದ್ರ ಬಂದೂಕಿನ ಪೊಲೀಸ ಹಿಡಕೊಂಡು ಹೋಗ್ತಾನ ನೋಡು” ಅಂದ್ರು. ಕೂಸು ಗಪ್ಪಾತು. ಎಲ್ಲಾರೂ ನಕ್ರು. ನನಗ ನಗಲಿಕ್ಕಾಗಲಿಲ್ಲ. ಮಂದಿ ಮನ್ಯಾಗ ಮಾತು ಬೆಳೀಬಾರದು ಅಂತ ಸುಮ್ಮನಿದ್ದೆ. ಅದಕ್ಕ ಇಲ್ಲೆ ಬರೀಲಿಕ್ಕತ್ತೀನಿ. ವೈನಿ, ನೀವೂ ಇದನ್ನ ಓದ್ತೀರಿ ಅಂತ ಗೊತ್ತದ. ಸಿಟ್ಟಾಗಬ್ಯಾಡ್ರಿ. ಈ ತಪ್ಪು ನಿಮಗಿಂತ ಮೊದಲ ನಾನು ಮಾಡೇನಿ.

ಹೋದ ವರ್ಷ ದೀಪಾವಳಿಗೆ ಮಗಳು, ಮೊಮ್ಮಗ, ನಾನು ಬೆಂಗಳೂರಿಂದ ಹುಬ್ಬಳ್ಳಿಗೆ ವಿಮಾನದಾಗ ಹೊಂಟಿದ್ವಿ. ಒಂದು ತಾಸಿನ ಹಾದಿ. ಮೊಮ್ಮಗಗ ಆಗ ನಾಲ್ಕು ವರ್ಷ. ಅವನಿಗೆ ಉಣಸೋವಾಗೆಲ್ಲಾ ನಾನು “ಪೊಲೀಸ ಬಂದಾ, ಲಗೂನ ನುಂಗು” ಅಂತಿದ್ದೆ. ಕೆಂಪೇಗೌಡ ವಿಮಾನ ನಿಲ್ದಾಣದ ಬಾಗಲದಾಗೇ ಖಾಕಿ ಅಂಗಿ, ಬಂದೂಕು ನೋಡಿ ಹುಡುಗ ನನ್ನ ಸೀರಿ ಸೆರಗು ಗಟ್ಟಿ ಹಿಡದ. ಒಳಗ ತಪಾಸಣಿ ಮುಗದು ಚೀಲಾ ತಗೊಳ್ಳಲಿಕ್ಕೆ ನಿಂತಿದ್ವಿ. ನನ್ನ ಉಪ್ಪಿನಕಾಯಿ ಬಾಟ್ಲಿ ಸಂಬಂಧ ಒಂದು ಚೀಲಾ ಬಾಜೂಕ ಇಟ್ಟು, ಒಬ್ಬ ಜವಾನ “ಇದು ಯಾರದು?” ಅಂತ ಜೋರಾಗಿ ಕೇಳಿದ. ನಾನು ಅತ್ತ ತಿರಗಿದೆ. ಇತ್ತ ನೋಡೋದ್ರಾಗ ಹುಡುಗ ಇಲ್ಲ.

ಏಳೆಂಟು ನಿಮಿಷ ಆಗಿರಬೇಕು. ನನಗ ಏಳೆಂಟು ವರ್ಷ ಆಧಂಗ ಆತು. ಮಗಳು ಹೆಸರು ಹಿಡದು ಒದರಿಕೋತ ಓಡ್ಯಾಡಿದ್ಲು. ಅದೇ ಜವಾನ ಅಂಗಿ ಬಣ್ಣ ಕೇಳಿಕೊಂಡು ನಮ್ಮ ಜೋಡಿ ಹುಡುಕಿದ. ಖುರ್ಚಿ ಸಾಲಿನ ಕೆಳಗ ಸಿಕ್ಕಾ. ಅಳೂದು ಕೇಳಿಸಬಾರದು ಅಂತ ಎರಡೂ ಕೈಲೆ ಬಾಯಿ ಮುಚ್ಚಿಕೊಂಡಿದ್ದ. ಅವ್ವನ ದನಿ ಅವನಿಗೆ ಕೇಳ್ಸಿತ್ತು. ಜೋಡಿಗೆ ಪೊಲೀಸ ಇದ್ದಾನಲ್ಲಾ, ಅದಕ್ಕ ಓ ಅಂದಿರಲಿಲ್ಲ. ಜವಾನ ನನ್ನ ಮಾರಿ ನೋಡಿ, “ಏನು ಹೇಳಿ ಅಂಜಿಸೀರಿ ಅಮ್ಮಾ?” ಅಂತ ಹಿಂದಿಯೊಳಗ ಕೇಳಿದ. ನನ್ನ ಕಡೆ ಉತ್ತರ ಇರಲಿಲ್ಲ.

ಈಗ ನೀವೇ ಹೇಳ್ರಿ. ಅಂಥಾ ದೊಡ್ಡ ಜಾಗಾದಾಗ ಕೂಸು ತಪ್ಪಿಸಿಕೊಂಡ್ರ ಯಾರ ಹತ್ತರ ಹೋಗಬೇಕು? ಖಾಕಿ ಅಂಗಿಯವರ ಹತ್ತರನ ಅಲ್ಲಾ? 1999ರಾಗ ಕಠ್ಮಂಡುದಿಂದ ಹೊಂಟ ನಮ್ಮ ವಿಮಾನ ಕಂದಹಾರಕ್ಕ ಒಯ್ದದ್ದು ನಮ್ಮ ವಯಸ್ಸಿನವರಿಗೆಲ್ಲಾ ನೆನಪದ. ಅದಾದ ಮ್ಯಾಲೆ 2000ದಿಂದ ಒಂದೊಂದೇ ನಿಲ್ದಾಣದ ಕಾವಲು ಸಿಐಎಸ್‌ಎಫ್‌ನವರಿಗೆ ಕೊಟ್ರು. ಅವರು ನಿಂತಿದ್ದು ನಮ್ಮ ಕೂಸುಗಳನ್ನ ಕಾಯಲಿಕ್ಕೆ. ಕಾಯೋವ್ರನ್ನೇ ನಾವು ಗುಮ್ಮ ಮಾಡಿ ಇಟ್ಟೇವಿ.

“ನಾವೂ ಗುಮ್ಮಗ ಅಂಜಿಕೋತನ ಬೆಳದೇವಿ, ಏನಾತು?” ಅಂತೀರಿ. ಆದ್ರ ನಮ್ಮ ಗುಮ್ಮ ಯಾವ ಬಸ್‌ಸ್ಟ್ಯಾಂಡಿನ್ಯಾಗೂ ನಿಂತಿರಲಿಲ್ಲ. ಜಾತ್ರ್ಯಾಗ ಕಳದ್ರೂ ಯಾರರೆ “ಇದು ಇಂಥಾವ್ರ ಕೂಸು” ಅಂತ ಮನಿಗೆ ಮುಟ್ಟಸ್ತಿದ್ರು. ವಿಮಾನ ನಿಲ್ದಾಣದಾಗ ನಮ್ಮ ಕೂಸಿನ ಗುರ್ತು ಯಾರಿಗದ?

“ಸಣ್ಣವರಿಗೆ ಏನು ತಿಳೀತದ” ಅನ್ನೋದೂ ಸುಳ್ಳು. ಅಂಜಿಕಿ ತಿಳೀತದ ಅಂದ್ರ ಖರೇ ಹೇಳಿದ್ದೂ ತಿಳೀತದ. ಇನ್ನ ಕೆಲವರು ಹುಡುಗ್ರು ಮಲಗಲಿ ಅಂತ ನೆಗಡಿ ಔಷಧ ಹಾಕಿ ವಿಮಾನ ಹತ್ತಸ್ತಾರ. ಇದು ಜಾಣತನ ಅಲ್ಲ. ಡಾಕ್ಟರನ್ನ ಕೇಳದ ಹಂಗ ಹಾಕಲೇಬಾರದು. ಕೆಲವು ಕೂಸುಗಳು ಅದರಿಂದ ಮಲಗೋದು ಬಿಟ್ಟು ಇನ್ನಷ್ಟು ರಂಪಾಟ ಮಾಡ್ತಾವ.

ಮುಂದಿನ ಸಲ ಹೋಗೋಕಿಂತ ಮೊದಲ ನಾವು ಒಂದು ವಾರ ಮನ್ಯಾಗ ವಿಮಾನದ ಆಟಾ ಆಡಿದ್ವಿ. ಪರಾತದಾಗ ಅವನ ಕಾರು ಇಟ್ಟು ಮೇಜಿನ ಕೆಳಗಿಂದ ಸರಸಿದ್ವಿ. “ಆಟಿಗಿ ಮಷೀನಿನೊಳಗ ಹೋಗ್ತದ, ಆ ಕಡೆ ವಾಪಸ್ ಬರ್ತದ” ಅಂತ ತೋರಿಸಿದ್ವಿ. ಆಟಿಗಿ ಬಂದೂಕು ಮಾತ್ರ ಒಯ್ಯೋ ಹಂಗಿಲ್ಲ ಅಂತನೂ ಹೇಳಿದ್ವಿ. ಎರಡೂ ಕೈ ಚಾಚಿ ನಿಂದರಿಸಿ, ಸೌಟು ಹಿಡದು “ಟುಂಯ್, ಟುಂಯ್” ಅಂತ ನಾನೇ ತಪಾಸಣಿ ಮಾಡಿದೆ. ಖುರ್ಚಿಗೆ ಅವರಪ್ಪನ ಪಟ್ಟಾ ಕಟ್ಟಿ ಕೂಡಿಸಿದ್ವಿ. ವಿಮಾನ ಏರೋವಾಗ ಭಾಳ ಸಪ್ಪಳ ಆಗ್ತದ, ಇಳಿಯೋವಾಗ ಕಿವಿ ಮುಚ್ಚಿಧಂಗ ಆಗ್ತದ, ಗುಟುಕು ಗುಟುಕು ನೀರು ಕುಡಿಬೇಕು ಅಂತ ಹೇಳಿದ್ವಿ. ಎಳೀ ಕೂಸಿಗಾದ್ರ ಆಗ ಹಾಲು ಕುಡಿಸಬೇಕು. ಕೂಸಿನ ಹಾಲು, ಊಟ ಒಳಗ ಒಯ್ಯಲಿಕ್ಕೆ ಬಿಡ್ತಾರ. ಎರಡು ವರ್ಷದೊಳಗಿನ ಕೂಸು ನಮ್ಮ ತೊಡಿ ಮ್ಯಾಲೆ ಕೂಡಬಹುದು, ಎರಡು ದಾಟಿದ್ರ ಬ್ಯಾರೆ ಸೀಟು.

ಎಲ್ಲಾಕ್ಕಿಂತ ದೊಡ್ಡ ಪಾಠ ಇದು: “ನಾವು ಕಾಣಲಿಲ್ಲ ಅಂದ್ರ ಅಲ್ಲೇ ನಿಲ್ಲು. ಖಾಕಿ ಅಂಗಿಯ ಮಾಮಾ, ಮಾವಶಿ ಯಾರರೆ ಕಂಡ್ರ ನಿನ್ನ ಹೆಸರು, ಅವ್ವನ ಹೆಸರು ಹೇಳು.” ಫೋನ್ ನಂಬರಿನ ಚೀಟಿ ಅಂಗಿ ಕಿಸೇದಾಗ ಇಟ್ವಿ.

ಆ ಸಲ ಅವನು ತಾನೇ ಕೈ ಚಾಚಿ ನಿಂತ. ಅಂಜಿಕಿ ಪೂರಾ ಹೋಗಿತ್ತು ಅಂತ ಹೇಳಂಗಿಲ್ಲ, ಆ ಕಡೆ ದಾಟಿದ ಕೂಡಲೇ ಬಂದು ನನ್ನ ಸೆರಗು ಹಿಡದ. ಹಾಕಿದ ಅಂಜಿಕಿ ತಗೀಲಿಕ್ಕೆ ಭಾಳ ದಿನ ಹಿಡೀತದ. ಹಾಕಲಿಕ್ಕೆ ಒಂದು ಮಾತು ಸಾಕು.

ವೈನಿ, ನಿಮ್ಮ ಮೊಮ್ಮಗಳು ಹೊರಡಲಿಕ್ಕೆ ಇನ್ನೂ ನಾಲ್ಕು ದಿನ ಅದ. ಇವತ್ತ ಸಂಜೀಕ ಪರಾತ ತಗೀರಿ, ಸೌಟು ಹಿಡೀರಿ. ಮೊದಲ “ಪೊಲೀಸ ಹಿಡಕೊಂಡು ಹೋಗೋದಿಲ್ಲವಾ, ನಾ ಸುಳ್ಳು ಹೇಳಿದ್ದೆ” ಅಂತ ಅಕಿಗೆ ಹೇಳ್ರಿ. ಸಣ್ಣವರ ಮುಂದ ತಪ್ಪಾತು ಅಂದ್ರ ನಾವೇನು ಸಣ್ಣವರಾಗೋದಿಲ್ಲ.