ಕನಸು ಇರಲಿ, ಅರ್ಜಿ ಯಾವಾಗ ಹಾಕಬೇಕು ಹೇಳಿ

ಕಳೆದ ವಾರ ಕೊಪ್ಪಳ ಜಿಲ್ಲೆಯ ಬೇವೂರು ಕಡೆಯ ಒಂದು ಪ್ರೌಢಶಾಲೆಯಲ್ಲಿ ಪ್ರೇರಣಾ ಕಾರ್ಯಕ್ರಮ. ಹತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು, "ಸರ್, ಪಿಯುಸಿಗೆ ಕೊಪ್ಪಳದಾಗ ಹಾಸ್ಟೆಲ್ ಸಿಗಬೇಕಂದ್ರ ಅರ್ಜಿ ಯಾವಾಗ ಹಾಕಬೇಕ್ರಿ?" ಎಂದು ಕೇಳಿದಳು. "ಮೊದಲು ದೊಡ್ಡ ಕನಸು ಕಾಣಮ್ಮಾ, ದಾರಿ ತಾನಾಗಿಯೇ ತೆರೆಯುತ್ತದೆ" ಎಂದರು ಮುಖ್ಯ ಅತಿಥಿಗಳು. ಚಪ್ಪಾಳೆ ಬಿತ್ತು. ಹುಡುಗಿ ಸುಮ್ಮನೆ ಕುಳಿತಳು. ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ಅವರು ಇದೇ ಜಿಲ್ಲೆಯವರು. ಹಾಸ್ಟೆಲಿನ ಅನ್ನ ಉಂಡು ಓದಿ ದೊಡ್ಡ ಹುದ್ದೆಗೆ ಹೋದವರು. ಅವಳ ಪ್ರಶ್ನೆಗೆ ಉತ್ತರ ಅವರ ಬಾಳಿನಲ್ಲೇ ಇತ್ತು. ಆದರೆ ಅವರು ಹೇಳಿದ್ದೆಲ್ಲ ಎಡಿಸನ್ನನ ಬಲ್ಬು, ಕಲಾಂ ಹಂಚಿದ ಪೇಪರು, ಕಂಬ ಹತ್ತಿದ ಕಿವುಡು ಕಪ್ಪೆ. ತಮ್ಮ ಬಗ್ಗೆ ಆಡಿದ್ದು ಒಂದೇ ಮಾತು: "ನಾವು ಚಿಮಣಿ ಬೆಳಕಿನಲ್ಲಿ ಓದಿದೆವು, ನಿಮಗೆ ಎಲ್ಲ ಇದ್ದೂ ಓದೋದಿಲ್ಲ." ಇದನ್ನು ಅನುಭವ ಹಂಚಿಕೊಳ್ಳುವುದು ಅನ್ನುತ್ತಾರೆಯೇ? ಇದು ಮಕ್ಕಳನ್ನು ಬೈಯುವುದು.

ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ 2024ರಲ್ಲಿ ಯಾದಗಿರಿ ಕೊನೆ, 2025ರಲ್ಲಿ ಕಲಬುರಗಿ ಕೊನೆ. ಪಟ್ಟಿ ಬಂದಾಗಲೆಲ್ಲ ನಮ್ಮ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಸ್ಫೂರ್ತಿಯೇ ಇಲ್ಲ ಎಂದು ಯಾರೋ ತೀರ್ಮಾನಿಸುತ್ತಾರೆ, ಭಾಷಣಕಾರರು ಬರುತ್ತಾರೆ. ಅಪ್ಪ ಅವ್ವ ಗುಳೆ ಹೋದಾಗ ಅಜ್ಜಿಯ ಜೊತೆ ಉಳಿದು, ರೊಟ್ಟಿ ಬಡಿದಿಟ್ಟು ಶಾಲೆಗೆ ಬರುವ ಹುಡುಗಿಗೆ ಛಲ ಕಲಿಸಬೇಕಾಗಿಲ್ಲ. ಅವಳಿಗೆ ಬೇಕಾದದ್ದು ತಿಳಿವಳಿಕೆ, ಅದೂ ಆ ದಾರಿ ನಡೆದವರ ಬಾಯಿಂದ.

ಹರೇಕಳ ಹಾಜಬ್ಬರ ಕಥೆ ಯಾಕೆ ಎಲ್ಲರನ್ನೂ ತಟ್ಟಿತು? ಮಂಗಳೂರಿನಲ್ಲಿ ಕಿತ್ತಳೆ ಮಾರುವಾಗ ವಿದೇಶಿಯರು ಇಂಗ್ಲಿಷಿನಲ್ಲಿ ಬೆಲೆ ಕೇಳಿದರು, ಹೇಳಲು ಬರಲಿಲ್ಲ, ನಾಚಿಕೆಯಾಯಿತು. ಅವರು ಹೇಳುವುದು ಇಷ್ಟೇ. ಆ ನಾಚಿಕೆಯಿಂದ ನ್ಯೂಪಡ್ಪುವಿನಲ್ಲಿ ಶಾಲೆ ಎದ್ದಿತು, 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಆ ಕಥೆಯಲ್ಲಿ ಉಪದೇಶವಿಲ್ಲ, ನಡೆದದ್ದು ಇದೆ.

ಅಂದಿನ ಸಭೆಯಲ್ಲೂ ಅಂಥ ಒಬ್ಬ ಸಿಕ್ಕ. ಊರಿಗೆ ಬಂದಿದ್ದ ಹಳೆಯ ವಿದ್ಯಾರ್ಥಿ, ಮಂಗಳೂರಿನಲ್ಲಿ ಗೌಂಡಿ. ಹೆಡ್‌ಮಾಸ್ತರರು ಎರಡು ಮಾತು ಆಡೆಂದರು. ಅವನು ಮೈಕು ಮುಟ್ಟಲಿಲ್ಲ, ಸೀದಾ ಬೋರ್ಡಿನ ಹತ್ತಿರ ಹೋದ. "ಹತ್ತನೇತ್ತ ಗಣಿತದಾಗ ಫೇಲಾದಾವ ನಾನು. ಪಾಯಾ ಹಾಕುವಾಗ ಮೂಲೆ ಕಾಟಕೋನ ಐತಿಲ್ಲೋ ಹೆಂಗ ನೋಡ್ತೀವಿ ಗೊತ್ತೇನು? ಒಂದು ದಾರದ ಮ್ಯಾಲ ಮೂರಡಿ, ಇನ್ನೊಂದರ ಮ್ಯಾಲ ನಾಲ್ಕಡಿ ಗುರುತು ಹಾಕ್ತೀವಿ. ನಡುವ ಸರಿಯಾಗಿ ಐದಡಿ ಬಂತಂದ್ರ ಮೂಲೆ ಸರಿ." ಹಿಂದಿನ ಬೆಂಚಿನ ಹುಡುಗ, "ಪೈಥಾಗೊರಸ್ ರೀ!" ಎಂದು ಕೂಗಿದ. ಆಮೇಲೆ ಕಬ್ಬಿಣದ ಲೆಕ್ಕ. 12 ಎಂಎಂ ಸಲಾಕಿ ಒಂದು ಮೀಟರಿಗೆ ಎಷ್ಟು ತೂಗುತ್ತದೆ? 12ನ್ನು 12ರಿಂದ ಗುಣಿಸಿ 162ರಿಂದ ಭಾಗಿಸಿ ಎಂದ. ಮಕ್ಕಳು ನೋಟ್‌ಬುಕ್ಕಿನಲ್ಲಿ ಮಾಡಿ 0.888 ಕಿಲೋ ಎಂದರು. ಆ ಲೆಕ್ಕ ಬಾರದಿದ್ದಾಗ ತಾನು ಇಟ್ಟಂಗಿ ಹೊರುವ ಕೂಲಿಯಾಗಿಯೇ ಉಳಿದಿದ್ದು, ನಕ್ಷೆ ಓದಲು ಕಲಿತ ಮೇಲೆ ಪಗಾರ ಏರಿದ್ದು, ಒಬ್ಬ ಮೇಸ್ತ್ರಿ ಕೂಲಿ ಮುಳುಗಿಸಿ ಓಡಿಹೋದದ್ದು, ಎಲ್ಲವನ್ನೂ ಹೇಳಿದ. "ಓದು ಬಿಟ್ಟು ನನ್ನ ಹಿಂದ ಬರಬ್ಯಾಡ್ರಿ. ಬಂದ್ರೂ ಲೆಕ್ಕ ಕಲ್ತು ಬರ್ರಿ" ಎಂದ. ಮಕ್ಕಳು ಅವನನ್ನು ಬಿಡಲೇ ಇಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಯ ಮಕ್ಕಳು 10 ದಿನ ಬ್ಯಾಗಿಲ್ಲದೆ ಬಡಗಿ, ಕುಂಬಾರ, ಕಲಾವಿದರ ಬಳಿ ಕಲಿಯಲಿ ಎಂದಿತ್ತು. ನಮ್ಮ ರಾಜ್ಯ ಆ ನೀತಿ ಬೇಡವೆಂದಿತು. ಆ ಜಗಳ ಹಾಗಿರಲಿ, ಅದರಲ್ಲಿನ 10 ದಿನಗಳನ್ನು ಯಾಕೆ ಬಿಡಬೇಕು? ನಮ್ಮ ಪಕ್ಕದಲ್ಲೇ ಕಿನ್ನಾಳದ ಚಿತ್ರಗಾರರಿದ್ದಾರೆ. ಮೋರನಾಳದ ಭೀಮವ್ವ ಶಿಳ್ಳೇಕ್ಯಾತರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಫ್ಲೆಕ್ಸ್ ಹಾಕಿ ಹೆಮ್ಮೆಪಟ್ಟೆವು. ತೊಗಲು ಹದ ಮಾಡಿ ಗೊಂಬೆ ಕುಣಿಸಿ ಬದುಕಿದ್ದು ಹೇಗೆ ಎಂದು ಆ ಮನೆತನದವರಿಂದ ಕೇಳಲು ಮಕ್ಕಳನ್ನು ಕರೆದೊಯ್ದ ಶಾಲೆಗಳು ಎಷ್ಟು?

ಇನ್ನು ನನ್ನ ಹಳೆಯ ತಕರಾರು: ಕಲ್ಯಾಣ ಕರ್ನಾಟಕಕ್ಕೆ ಮೀಸಲಾತಿ ತಂದ ಸಂವಿಧಾನದ 371 (ಜೆ) ವಿಧಿ. ಈ ಭಾಗದ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದೆಡೆ ಶೇ 8ರಷ್ಟು ಸೀಟು ನಮ್ಮ ಮಕ್ಕಳದು. 2013ರಿಂದ ಇದೆ. ಅಂದು ನಾನು ಮಾತನಾಡಿಸಿದ ಮಕ್ಕಳಿಗೆ ಇದರ ಹೆಸರೂ ಗೊತ್ತಿರಲಿಲ್ಲ. ಅರ್ಹತಾ ಪ್ರಮಾಣಪತ್ರಕ್ಕೆ ಯಾವ ಕಾಗದ ಬೇಕು, ಯಾವ ಕಚೇರಿಗೆ ಅಲೆಯಬೇಕು, ಸಿಇಟಿ ಅರ್ಜಿಯಲ್ಲಿ ಯಾವ ಕಾಲಂ ತುಂಬಬೇಕು ಎಂಬುದನ್ನು ಅಲೆದವರೇ ಹೇಳಬೇಕು. ಹೇಳಬಲ್ಲವರು ನೂರಾರು ಮಂದಿ ಇದ್ದಾರೆ. ಇದೇ ಮೀಸಲಾತಿಯಲ್ಲಿ ಡಾಕ್ಟರು, ಎಂಜಿನಿಯರು, ಅಧಿಕಾರಿಗಳಾಗಿ ಬೆಂಗಳೂರು, ಧಾರವಾಡಗಳಲ್ಲಿ ಮನೆ ಕಟ್ಟಿಸಿದ್ದಾರೆ. ಪ್ರಮಾಣಪತ್ರ ಮಾಡಿಸುವಾಗ ಇವರಿಗೆ ಬೇವೂರಿನ ವಿಳಾಸ ಬೇಕಿತ್ತು. ಈಗ ಜಾತ್ರೆಗೆ ಬಂದರೂ ಶಾಲೆಯ ಗೇಟಿನ ಮುಂದೆ ಕಾರು ನಿಲ್ಲಿಸಿ ತೇರು ನೋಡಿ ಹೋಗುತ್ತಾರೆ. ಬಿಡುವಿಲ್ಲವಂತೆ. ವರ್ಗಾವಣೆ ತಪ್ಪಿಸಿಕೊಳ್ಳಲು ಶಾಸಕರ ಮನೆಯಂಗಳದಲ್ಲಿ ದಿನವಿಡೀ ನಿಲ್ಲುವಾಗ ಈ ಬಿಡುವು ಎಲ್ಲಿಂದ ಬರುತ್ತದೆ?