ಪ್ರತಿ ಎಲ್ಲಿದೆ?

ಬೋಧನಾಭ್ಯಾಸದ ಶಾಲೆಗಳಿಗೆ ಹೆಚ್ಚು ವೇಗದ ಇಂಟರ್‌ನೆಟ್ ಬೇಕೆಂದು ನಾವು ಕೇಳುತ್ತಲೇ ಇರುತ್ತೇವೆ. ಅದಕ್ಕೂ ಮೊದಲು ಬೇಕಾದದ್ದು, ಒಮ್ಮೆ ಬಂದದ್ದನ್ನು ಶಾಲೆಯಲ್ಲೇ ಉಳಿಸಿಕೊಳ್ಳುವ ವ್ಯವಸ್ಥೆ ಮತ್ತು ಅದನ್ನು ನೋಡಿಕೊಳ್ಳುವ ಒಬ್ಬರು ಎಂಬುದು ನನ್ನ ಅಭಿಪ್ರಾಯ.

ಗಿಣಿಗೇರಾದಲ್ಲಿ ಪಾಠ ವೀಕ್ಷಿಸುವಾಗ ನಾನು ಮತ್ತೆ ಮತ್ತೆ ಕಾಣುವುದು ಇದನ್ನೇ. ಪ್ರಶಿಕ್ಷಣಾರ್ಥಿ ದ್ಯುತಿಸಂಶ್ಲೇಷಣೆಯ ವಿಡಿಯೊ ತೆರೆಯಲು ಹೇಳುತ್ತಾರೆ, ಎಲ್ಲ ಕಂಪ್ಯೂಟರುಗಳಲ್ಲೂ ಚಕ್ರ ತಿರುಗುತ್ತಿರುತ್ತದೆ, ಅವಧಿ ಕರಗುತ್ತದೆ. 20 ಎಂಬಿಯ ವಿಡಿಯೊವನ್ನು 15 ಕಂಪ್ಯೂಟರುಗಳು ಬೇರೆ ಬೇರೆಯಾಗಿ ತರಿಸಿಕೊಂಡರೆ 300 ಎಂಬಿ ಆಯಿತು. ಶಾಲೆಯಲ್ಲೇ ಒಂದು ಪ್ರತಿ ಇದ್ದರೆ 20 ಎಂಬಿ ಸಾಕು. ನಳ ಬಂದಾಗ ನೀರು ತುಂಬಿಡುವ ನಮ್ಮವರಿಗೆ ಇದನ್ನು ವಿವರಿಸಬೇಕಿಲ್ಲ.

ಇಂಥ ಕೆಲಸಕ್ಕೆಂದೇ 1996ರಲ್ಲಿ 'ಸ್ಕ್ವಿಡ್' ಎಂಬ ಉಚಿತ ಪ್ರಾಕ್ಸಿ ತಂತ್ರಾಂಶ ಬಂತು. ಲಿನಕ್ಸ್ ಇರುವ ಹಳೆಯ ಕಂಪ್ಯೂಟರಿನಲ್ಲಿ ಅದನ್ನು ಅಳವಡಿಸಿ, ಉಳಿದವುಗಳ ಬ್ರೌಸರಿನಲ್ಲಿ ಅದರ ವಿಳಾಸ ಮತ್ತು 3128 ಎಂಬ ಪೋರ್ಟ್ ಸಂಖ್ಯೆ ಕೊಟ್ಟರಾಯಿತು. ಆದರೆ ಇಂದು ಬಹುತೇಕ ಜಾಲತಾಣಗಳು 'ಎಚ್‌ಟಿಟಿಪಿಎಸ್' ಬಳಸುತ್ತವೆ. ಮಾಹಿತಿ ಗೂಢಲಿಪಿಯಲ್ಲಿ ಸಾಗುವುದರಿಂದ ಸಾಮಾನ್ಯ ಪ್ರಾಕ್ಸಿ ಅದನ್ನು ಓದಲಾರದು, ಉಳಿಸಲಾರದು. ಗೂಢಲಿಪಿ ಬಿಚ್ಚುವ ದಾರಿಯೂ ಉಂಟು. ಮಕ್ಕಳ, ಶಿಕ್ಷಕರ ಪಾಸ್‌ವರ್ಡ್ ಹಾಯುವ ಸಂಪರ್ಕದಲ್ಲಿ ಅದನ್ನು ನಾನು ಒಪ್ಪಲಾರೆ.

ಆದ್ದರಿಂದ ಅದೇ ಕಂಪ್ಯೂಟರಿನಲ್ಲಿ 'ಕಿವಿಕ್ಸ್' ಇಡುವುದು ಮೇಲು. ಇಡೀ ವಿಕಿಪೀಡಿಯವನ್ನು ಒಂದೇ ಕಡತವಾಗಿ ಇಳಿಸಿಕೊಂಡು ಶಾಲೆಯೊಳಗೆ ಹಂಚಬಹುದು; 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವೂ ಹೀಗೆ ಸಿಗುತ್ತದೆ. ಮುಕ್ತ ಪರವಾನಗಿಯ ವಿಡಿಯೊ, ಚಿತ್ರಗಳನ್ನೂ ಜೊತೆಗಿಡಬಹುದು. ಸ್ಕ್ವಿಡ್ ತಾನೇ ಉಳಿಸುತ್ತದೆ; ಇಲ್ಲಿ ಯಾವುದನ್ನು ಉಳಿಸಬೇಕೆಂದು ಶಿಕ್ಷಕರು ಮೊದಲೇ ನೋಡಿ ಆರಿಸಬೇಕು. ಇದು ಹೆಚ್ಚಿನ ಹೊರೆಯಲ್ಲ, ಪಾಠದ ಸಿದ್ಧತೆಯೇ.

ಅಳವಡಿಸಿದ ದಿನ ಪೂಜೆ ಮಾಡಿ ಮರೆತ ಯಂತ್ರ ಬಹುಕಾಲ ಬಾಳದು. ವಾರಕ್ಕೊಮ್ಮೆ ಡಿಸ್ಕಿನಲ್ಲಿ ಜಾಗವಿದೆಯೇ ನೋಡಬೇಕು, ಹಳೆಯದನ್ನು ತೆಗೆದು ಹೊಸದನ್ನು ತುಂಬಬೇಕು, ತಂತ್ರಾಂಶ ನವೀಕರಿಸಬೇಕು. ಕರೆಂಟ್ ಹೋದಾಗ ಕ್ರಮವಾಗಿ ಮುಚ್ಚಲು ಯುಪಿಎಸ್ ಇರಬೇಕು. 2014ರ ಎನ್‌ಸಿಟಿಇ ನಿಯಮಗಳ ಪ್ರಕಾರ ಬಿ.ಇಡಿ.ಯಲ್ಲಿ 20 ವಾರಗಳ ಇಂಟರ್ನ್‌ಶಿಪ್ ಇದೆ. ಪ್ರತಿ ತಂಡದ ಇಬ್ಬರಿಗೆ ಈ ಹೊಣೆ ಕೊಡೋಣ. ಮರಳುವ ಮುನ್ನ ಅವರು ಆ ಶಾಲೆಯ ಒಬ್ಬ ಶಿಕ್ಷಕರಿಗೆ ಕೆಲಸ ಕಲಿಸಿ ಬರಲಿ. ಅದಕ್ಕೆ ಅಂಕವೂ ಇರಲಿ.

ಪಾಠಯೋಜನೆಯ ಬೋಧನೋಪಕರಣದ ಕಾಲಂನಲ್ಲಿ 'ಇಂಟರ್‌ನೆಟ್' ಎಂದಷ್ಟೇ ಬರೆದಿದ್ದರೆ, ಮಾರ್ಗದರ್ಶಕರು ಸಹಿ ಹಾಕುವ ಮುನ್ನ ಒಂದು ಪ್ರಶ್ನೆ ಕೇಳಬೇಕು: ಪ್ರತಿ ಎಲ್ಲಿದೆ?