ಕಾಲುಬಾಯಿ ಜ್ವರ: ಲಸಿಕೆಯ ಲೆಕ್ಕ ಭರ್ತಿ, ರಕ್ಷಣೆ ಖಾತ್ರಿಯೇ?

ಬೆಂಗಳೂರು: ಕಾಲುಬಾಯಿ ಜ್ವರವೆಂದರೆ ರಾಜ್ಯದ ಹೈನುಗಾರರಿಗೆ ಇಂದಿಗೂ ನೆನಪಾಗುವುದು 2013. ಆ ವರ್ಷ ಕೋಲಾರ, ರಾಮನಗರ, ಬೆಂಗಳೂರು ಗ್ರಾಮಾಂತರ ಸೇರಿದಂತೆ ಹಲವು ಜಿಲ್ಲೆಗಳಲ್ಲಿ ಸಾವಿರಾರು ರಾಸುಗಳು ಅಸುನೀಗಿದವು. ಲಸಿಕಾ ಕಾರ್ಯಕ್ರಮ ಆಗಲೂ ಜಾರಿಯಲ್ಲಿತ್ತು ಎಂಬುದು ಗಮನಾರ್ಹ.

ಕೇಂದ್ರ ಸರ್ಕಾರ 2019ರಲ್ಲಿ ಕಾಲುಬಾಯಿ ಜ್ವರ ಹಾಗೂ ಕಂದು ರೋಗದ ವಿರುದ್ಧ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿತು. ಐದು ವರ್ಷಗಳಿಗೆ ಸಚಿವ ಸಂಪುಟ ಒಪ್ಪಿದ ಮೊತ್ತ 13,343 ಕೋಟಿ ರೂಪಾಯಿ. 2025ರೊಳಗೆ ಹತೋಟಿ, 2030ರೊಳಗೆ ನಿರ್ಮೂಲನೆ ಎಂಬುದು ಆಗ ಘೋಷಿಸಿದ ಗುರಿ. ರಾಸುಗಳ ಕಿವಿಗೆ 12 ಅಂಕಿಯ ಓಲೆ ಹಾಕಿ, ಲಸಿಕೆಯ ವಿವರವನ್ನು ಗಣಕೀಕರಿಸುವ ವ್ಯವಸ್ಥೆಯೂ ಬಂದಿತು.

ಆದರೆ ಹಾಕಿದ ಲಸಿಕೆಯ ಸಂಖ್ಯೆಯೇ ರಕ್ಷಣೆಯ ಅಳತೆಗೋಲಲ್ಲ. 2011ರಲ್ಲಿ ಜಗತ್ತಿನಿಂದಲೇ ನಿರ್ಮೂಲನೆಯಾದ ರಿಂಡರ್‌ಪೆಸ್ಟ್ ರೋಗದ ವೈರಾಣುವಿನಲ್ಲಿ ಇದ್ದುದು ಒಂದೇ ಬಗೆ. ಒಮ್ಮೆ ಲಸಿಕೆ ಹಾಕಿದರೆ ಜೀವನಪರ್ಯಂತ ರಕ್ಷಣೆ ದೊರೆಯುತ್ತಿತ್ತು. ಕಾಲುಬಾಯಿ ಜ್ವರದ ವೈರಾಣುವಿನಲ್ಲಿ ‘ಒ’, ‘ಎ’ ಮತ್ತು ‘ಏಷ್ಯಾ-1’ ಎಂಬ ಮೂರು ಬಗೆಗಳು ಭಾರತದಲ್ಲಿವೆ. ಒಂದರ ವಿರುದ್ಧ ಬೆಳೆದ ಶಕ್ತಿ ಮತ್ತೊಂದನ್ನು ತಡೆಯದು. ಲಸಿಕೆಯ ಪ್ರಭಾವವೂ ಕೆಲವೇ ತಿಂಗಳು. ಆದ್ದರಿಂದಲೇ ಆರು ತಿಂಗಳಿಗೊಮ್ಮೆ ಲಸಿಕೆ ಅನಿವಾರ್ಯ. ನಾಲ್ಕು ತಿಂಗಳು ತುಂಬಿದ ಕರುವಿಗೆ ಮೊದಲ ಬಾರಿ ಹಾಕಿದರೆ, ತಿಂಗಳೊಳಗೆ ಮತ್ತೊಂದು ಚುಚ್ಚುಮದ್ದು ಬೇಕು.

ತಯಾರಿಕಾ ಘಟಕದಿಂದ ಕೊಟ್ಟಿಗೆಯವರೆಗೆ ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ ಶೀತದಲ್ಲಿ ಕಾಪಾಡಬೇಕು. ವಿದ್ಯುತ್ ಕೈಕೊಟ್ಟರೆ, ಬಿಸಿಲಲ್ಲಿ ಪೆಟ್ಟಿಗೆ ತೆರೆದಿಟ್ಟರೆ ಔಷಧ ಸತ್ವ ಕಳೆದುಕೊಳ್ಳುತ್ತದೆ. ಕಡತದಲ್ಲಿ ಮಾತ್ರ ‘ಲಸಿಕೆ ಹಾಕಲಾಗಿದೆ’ ಎಂದೇ ದಾಖಲಾಗುತ್ತದೆ.

ರೈತರ ಹಿಂಜರಿಕೆಯೂ ನಿರಾಧಾರವಲ್ಲ. ಲಸಿಕೆಯ ನಂತರ ಒಂದೆರಡು ದಿನ ಜ್ವರ, ಚುಚ್ಚಿದ ಜಾಗದಲ್ಲಿ ಬಾವು, ಹಾಲಿನ ಇಳಿಕೆ ಕಾಣಿಸುವುದುಂಟು. ಎರಡು ಹಸುಗಳ ಹಾಲಿನ ಬಟವಾಡೆಯಲ್ಲೇ ಸಂಸಾರ ತೂಗಿಸುವವರಿಗೆ ಅದು ಸಣ್ಣ ನಷ್ಟವಲ್ಲ. ಆದರೆ ರೋಗ ತಗುಲಿದರೆ ಬಾಯಿ, ಗೊರಸಿನ ಹುಣ್ಣಿನಿಂದ ಮೇವು ಬಿಡುವ ಹಸು ಚೇತರಿಸಿಕೊಂಡರೂ ಮೊದಲಿನಷ್ಟು ಹಾಲು ಕೊಡದೆ ಹೋಗಬಹುದು. ಎಳೆಗರುಗಳು ಹೃದಯ ಸ್ನಾಯುವಿನ ಉರಿಯೂತದಿಂದ ಸಾಯುವುದೂ ಇದೆ. ಈ ವ್ಯತ್ಯಾಸವನ್ನು ಲಸಿಕೆಗೆ ಮುನ್ನವೇ ತಿಳಿಹೇಳಬೇಕಾದುದು ಇಲಾಖೆಯ ಹೊಣೆ.

ಲಸಿಕೆ ಫಲಿಸಿದೆಯೇ ಎಂಬುದನ್ನು ರಕ್ತ ಪರೀಕ್ಷೆಯೊಂದೇ ಹೇಳಬಲ್ಲದು. ಅದರ ತಾಲ್ಲೂಕುವಾರು ಫಲಿತಾಂಶ ಪ್ರತಿ ಹಾಲು ಉತ್ಪಾದಕರ ಸಹಕಾರ ಸಂಘದ ಫಲಕದಲ್ಲಿ ಕಾಣುವಂತಾದರೆ ರೈತರ ವಿಶ್ವಾಸವೂ ಹೆಚ್ಚೀತು, ಲೋಪವೂ ಬೇಗ ಬಯಲಾದೀತು. 2030ರ ಗಡುವು ದೂರವಿಲ್ಲ.